ಅಟ್ಟದಿಂದ ಇಳಿದು ಬಂದ ಅಡುಗೆಮನೆ

ಹಳೆಯ ಮನೆಯನ್ನು ಕೆಡವುವ ಮುನ್ನ ಅಟ್ಟ ಖಾಲಿ ಮಾಡಬೇಕಾಗುತ್ತದೆ. ನಮ್ಮ ಮನೆಯಲ್ಲೂ ಒಂದು ದಿನ ಆ ಕೆಲಸ ನಡೆಯಿತು. ಕಿಲುಬು ಹಿಡಿದ ತಾಮ್ರದ ಹಂಡೆ, ಮೂರು ಕಾಲಿನ ಹಿತ್ತಾಳೆ ಸ್ಟೌ, ಹಿಡಿ ಸುಟ್ಟ ಕುಕ್ಕರ್, ಬಲೆ ಹರಿದ ಊಟದ ಕಪಾಟು, ಮುಚ್ಚಳವಿಲ್ಲದ ಮಿಕ್ಸಿ... ಒಂದೊಂದಾಗಿ ಅಂಗಳಕ್ಕೆ ಇಳಿದವು. ಗುಜರಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ. ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಹಣ ಕೊಟ್ಟು ಎಲ್ಲವನ್ನೂ ಗಾಡಿಗೆ ತುಂಬಿಸಿದ. ನಮಗೂ ಅಂಗಳ ಖಾಲಿಯಾದ ಸಮಾಧಾನ. ಕೆಲವು ವರ್ಷಗಳ ನಂತರ ಒಂದು ಹೋಟೆಲಿನ ಗಾಜಿನ ಕಪಾಟಿನಲ್ಲಿ ಅಂಥದೇ ಸ್ಟೌ ಹೊಳೆಯುತ್ತಾ ಕುಳಿತಿರುವುದನ್ನು ಕಂಡಾಗ ಮಾತ್ರ ಎದೆಯೊಳಗೆ ಏನೋ ಚುಚ್ಚಿತು.

ನಾವು ಅಂದು ತೂಕಕ್ಕೆ ಕೊಟ್ಟದ್ದು ಬರೀ ಲೋಹವನ್ನೇ? ರಾಜರ ಕತ್ತಿ, ಗುರಾಣಿ, ನಾಣ್ಯಗಳಿಗೆ ಇತಿಹಾಸದಲ್ಲಿ ಜಾಗವಿದೆ. ಮೂರು ಹೊತ್ತು ಅನ್ನ ಬೇಯಿಸಿದ ಪಾತ್ರೆಗೆ ಮಾತ್ರ ಇಲ್ಲ. ಈಗೀಗ ಹಳೆಯ ಗೃಹೋಪಯೋಗಿ ಸಾಮಾನುಗಳನ್ನು ಹುಡುಕಿ, ದುರಸ್ತಿ ಮಾಡಿ, ಮನೆಯಲ್ಲಿ ಇಟ್ಟುಕೊಳ್ಳುವ ಹವ್ಯಾಸ ಬೆಳೆಯುತ್ತಿದೆ. ಅದು ಒಳ್ಳೆಯದೇ. ಆದರೆ ಈ ಸಾಮಾನುಗಳ ಹಿಂದೆ ಯಾರಿದ್ದರು ಎಂಬುದನ್ನು ತಿಳಿಯದೆ ಅವನ್ನು ಹೊಳಪಿಸಿ ಇಟ್ಟರೆ ಸಂಗ್ರಹ ಬರೀ ಅಲಂಕಾರವಾಗುತ್ತದೆ.

ಕಲಾಯಿ ಎಂಬ ಪದದ ಪ್ರಯಾಣ

ತಾಮ್ರ, ಹಿತ್ತಾಳೆಯ ಪಾತ್ರೆಗಳಿಂದಲೇ ಆರಂಭಿಸೋಣ. ಹುಣಸೆ, ಮೊಸರು, ಟೊಮೆಟೊದಂತಹ ಹುಳಿ ಪದಾರ್ಥ ತಾಮ್ರಕ್ಕೆ ತಾಗಿದರೆ ಆಹಾರ ಕೆಡುತ್ತದೆ, ವಿಷವೂ ಆಗಬಹುದು. ಅದಕ್ಕಾಗಿ ಒಳಮೈಗೆ ತವರದ ತೆಳುವಾದ ಲೇಪ ಕೊಡುತ್ತಿದ್ದರು. ಇದೇ ಕಲಾಯಿ. ಅರಬಿ ಭಾಷೆಯಲ್ಲಿ 'ಖಲಈ' ಎಂದರೆ ತವರ. ಮಲಯ ದ್ವೀಪಕಲ್ಪದ 'ಕಲಾಃ' ಎಂಬ ಬಂದರಿನಿಂದ ಬರುತ್ತಿದ್ದ ತವರಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತೆಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಹತ್ತನೆಯ ಶತಮಾನದ ಅರಬ್ ಪ್ರವಾಸಿ ಅಬೂ ದುಲಫ್ ಆ ಊರಿನ ತವರದ ಗಣಿಯನ್ನು ಕೊಂಡಾಡಿದ್ದಾರೆ. ಕಡಲಾಚೆಯ ಒಂದು ಬಂದರಿನ ಹೆಸರು ಅರಬ್ ವರ್ತಕರ ಬಾಯಲ್ಲಿ ಪಳಗಿ, ಪಾರಸಿ, ಉರ್ದುಗಳನ್ನು ದಾಟಿ, ಕೊನೆಗೆ ನಮ್ಮ ಅಜ್ಜಿಯಂದಿರ ಅಡುಗೆಮನೆಯ ಮಾತಾಯಿತು!

ಕಲಾಯಿಯವನು ಓಣಿಗೆ ಬಂದು ಕೂಗಿದರೆ ಮನೆಮನೆಯಿಂದ ಪಾತ್ರೆಗಳು ಹೊರಬರುತ್ತಿದ್ದವು. ಮರದ ನೆರಳಲ್ಲಿ ನೆಲ ಅಗೆದು ಒಲೆ ಮಾಡಿ, ತಿದಿ ಒತ್ತಿ ಇದ್ದಿಲನ್ನು ಕೆಂಪಗಾಗಿಸುತ್ತಿದ್ದ. ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಏಳುತ್ತಿತ್ತು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅವನ ಬಳಿ ಉಷ್ಣಮಾಪಕ ಇರಲಿಲ್ಲ, ಕಣ್ಣೇ ಅವನ ಮಾಪಕ. ಕರಗಿದ ತವರವನ್ನು ಹತ್ತಿಯಿಂದ ಒಂದೇ ಸುತ್ತಿನಲ್ಲಿ ಒರೆಸಿದರೆ ಕಪ್ಪು ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು. ಸುತ್ತ ನಿಂತ ಮಕ್ಕಳಿಗೆ ಅದೊಂದು ಜಾದೂ.

ಈ ಕಸುಬಿಗೆ ಪೆಟ್ಟು ಬಿದ್ದದ್ದು ಎರಡು ಹೊಸ ಲೋಹಗಳಿಂದ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಹಗುರ, ಅಗ್ಗ, ಕಲಾಯಿ ಬೇಡ. ಬಡವರ ಮನೆಗೆ ಅಲ್ಯೂಮಿನಿಯಂ ಬಂದದ್ದು ಹೀಗೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದರು. ಮುಂದೆ ಆ ಸ್ಟೀಲ್ ನಮ್ಮ ಊರುಗಳಿಗೆ ಬಂದಾಗ, ತಲೆಮಾರುಗಳ ಹಿತ್ತಾಳೆ ಪಾತ್ರೆಗಳನ್ನು ಕೊಟ್ಟು ಹೊಳೆಯುವ ಸ್ಟೀಲ್ ಡಬ್ಬಗಳನ್ನು ಪಡೆದೆವು. ಆ ದಿನ ಎಲ್ಲರಿಗೂ ಲಾಭವಾದಂತೆಯೇ ಕಂಡಿತ್ತು.

ಗುಡುಗುವ ಸ್ಟೌ

ಪಂಪ್ ಸ್ಟೌ ಹುಟ್ಟಿದ್ದು 1892ರಲ್ಲಿ, ಸ್ವೀಡನ್ನಿನಲ್ಲಿ. ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್ ತಯಾರಿಸಿದ ಅದರ ಹೆಸರು ಪ್ರೈಮಸ್. ಬತ್ತಿ ಇಲ್ಲ, ಮಸಿ ಇಲ್ಲ. ಟ್ಯಾಂಕಿನೊಳಗಿನ ಸೀಮೆಎಣ್ಣೆಯನ್ನು, ನಮ್ಮ ಕರಾವಳಿಯವರ 'ಚಿಮಿಣಿ ಎಣ್ಣೆ'ಯನ್ನು, ಗಾಳಿಯ ಒತ್ತಡ ಮೇಲಕ್ಕೆ ತಳ್ಳುತ್ತದೆ. ಕಾದ ಕೊಳವೆಯಲ್ಲಿ ಅದು ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ, ಗುಡುಗುತ್ತಾ ನೀಲಿಯಾಗಿ ಉರಿಯುತ್ತದೆ. 1911ರಲ್ಲಿ ದಕ್ಷಿಣ ಧ್ರುವ ತಲುಪಿದ ಅಮುಂಡ್ಸೆನ್ ತಂಡದ ಬಳಿ, 1953ರಲ್ಲಿ ಎವರೆಸ್ಟ್ ಏರಿದ ತಂಡದ ಬಳಿ ಇದ್ದದ್ದು ಇದೇ ಒಲೆ. ಆ ಸಾಹಸಿಗಳ ಒಲೆಯನ್ನು ನಮ್ಮ ತಾಯಂದಿರು ನಿತ್ಯ ಬೆಳಿಗ್ಗೆ ಹೊತ್ತಿಸುತ್ತಿದ್ದರು!

ಇದರ ಪ್ರತಿಯೊಂದು ಭಾಗವೂ ಬಿಚ್ಚಿ ಜೋಡಿಸುವಂಥದು. ರಂಧ್ರ ಕಟ್ಟಿದರೆ ಪಿನ್ನು, ಪಂಪ್ ಸಡಿಲವಾದರೆ ಚರ್ಮದ ವಾಷರಿಗೆ ಎರಡು ಹನಿ ಎಣ್ಣೆ, ಟ್ಯಾಂಕ್ ಸೋರಿದರೆ ಬೆಸುಗೆ. ಪೇಟೆಯ ಮೂಲೆಯಲ್ಲಿ ಸ್ಟೌ ರಿಪೇರಿಯ ಒಂದು ಪುಟ್ಟ ಅಂಗಡಿ ಇದ್ದೇ ಇರುತ್ತಿತ್ತು. ಒಂದು ಸ್ಟೌವಿನಿಂದ ಎರಡು ಸಂಸಾರಗಳು ಬದುಕುತ್ತಿದ್ದವು: ಅದರಲ್ಲಿ ಬೇಯಿಸುವವರದು, ಅದನ್ನು ದುರಸ್ತಿ ಮಾಡುವವನದು.

ಆದರೆ ಈ ಸ್ಟೌವಿಗೆ ಇನ್ನೊಂದು ಮುಖವಿದೆ. ಸಂಗ್ರಹಕಾರರು ಅದನ್ನು ನೆನೆಯುವುದಿಲ್ಲ. 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಪತ್ರಿಕೆಗಳ ಮೂಲೆಯಲ್ಲಿ ನಿತ್ಯವೆಂಬಂತೆ ಬರುತ್ತಿದ್ದ ಕಾಲವೊಂದಿತ್ತು. ಸಿಡಿಯುವ ಸ್ಟೌ ಸೊಸೆಯನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ ಎಂದು ಮಹಿಳಾ ಸಂಘಟನೆಗಳು ಕೇಳಿದವು. ಇಂಥ ಸಾವುಗಳ ಹಿಂದೆ ಹೋಗಿ ಸತ್ಯ ಹುಡುಕುವ ಕೆಲಸವನ್ನು 1990ರ ದಶಕದಲ್ಲಿ ಬೆಂಗಳೂರಿನ 'ವಿಮೋಚನಾ' ಮಾಡಿತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಮು 1983ರಲ್ಲೂ, ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲೂ ಭಾರತೀಯ ದಂಡ ಸಂಹಿತೆಗೆ ಸೇರಿದವು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧಗಳು ಉಳಿದಿವೆ. ಅಂಗಡಿಯಲ್ಲಿ ಹೊಳೆಯುವ ಹಳೆಯ ಸ್ಟೌ ಒಂದನ್ನು ಕೊಳ್ಳುವಾಗ ಈ ಚರಿತ್ರೆಯನ್ನೂ ಜೊತೆಗೆ ಕೊಳ್ಳುತ್ತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ.

ಸೀಟಿ ಹೊಡೆದ ಪಾತ್ರೆ

ಪ್ರೆಶರ್ ಕುಕ್ಕರಿನ ಅಜ್ಜ ಹುಟ್ಟಿದ್ದು 1679ರಲ್ಲಿ. ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ ಎಲುಬನ್ನೂ ಮೆತ್ತಗಾಗಿಸುವ ಪಾತ್ರೆಯೊಂದನ್ನು ಮಾಡಿ ಲಂಡನ್ನಿನ ವಿದ್ವಾಂಸರಿಗೆ ತೋರಿಸಿದರು. ಆವಿ ಹೆಚ್ಚಾದಾಗ ತಾನೇ ತೆರೆದುಕೊಳ್ಳುವ ಸುರಕ್ಷಾ ಕವಾಟವೂ ಅವರದೇ. ನಮ್ಮ ದೇಶದಲ್ಲಿ 1910ರಲ್ಲಿ ಬಂಗಾಳದ ಇಂದುಮಾಧವ ಮಲ್ಲಿಕ್ 'ಇಕ್‌ಮಿಕ್ ಕುಕ್ಕರ್' ರೂಪಿಸಿದರು. ಬುತ್ತಿಯಂತೆ ಒಂದರ ಮೇಲೊಂದು ಡಬ್ಬ, ಕೆಳಗೆ ಇದ್ದಿಲು. ಅನ್ನ, ಬೇಳೆ, ಪಲ್ಯ ಎಲ್ಲವೂ ಆವಿಯಲ್ಲಿ ನಿಧಾನವಾಗಿ ಬೇಯುತ್ತಿತ್ತು. ಮನೆಯಿಂದ ದೂರವಿದ್ದು ಓದುವ, ದುಡಿಯುವ ಒಂಟಿ ಗಂಡಸರಿಗೆ ಅದು ವರವಾಯಿತು.

1959ರಲ್ಲಿ ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ ಭಾರತದಲ್ಲಿ ಪ್ರೆಶರ್ ಕುಕ್ಕರ್ ತಯಾರಿಕೆಗೆ ಇಳಿದವು. ಪ್ರೆಸ್ಟೀಜ್ ಕುಕ್ಕರ್ ತಯಾರಾದದ್ದು ನಮ್ಮ ಬೆಂಗಳೂರಿನ ದೂರವಾಣಿನಗರದ ಕಾರ್ಖಾನೆಯಲ್ಲಿ. ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಳೆ ಬೇಗ ಬೆಂದಿತು, ಎಣ್ಣೆಯೂ ಸೌದೆಯೂ ಉಳಿಯಿತು. ಸಿಡಿದೀತೆಂಬ ಭಯದಿಂದ ಮೊದಮೊದಲು ಅಜ್ಜಿಯಂದಿರು ಕುಕ್ಕರಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಆಮೇಲೆ ಸಮಯವನ್ನು ಸೀಟಿಗಳಲ್ಲಿ ಎಣಿಸಲು ಅವರೇ ಸೊಸೆಯಂದಿರಿಗೆ ಕಲಿಸಿದರು.

ಕಲ್ಲು ಮತ್ತು ಮಿಕ್ಸಿ

ಇಂದು ಅತಿ ಹೆಚ್ಚು ಅಲಂಕಾರಕ್ಕೆ ಗುರಿಯಾಗಿರುವುದು ಅರೆಯುವ ಕಲ್ಲು. ರೆಸಾರ್ಟುಗಳ ಹೂದೋಟದಲ್ಲಿ ಅದರೊಳಗೆ ನೀರು ತುಂಬಿ ಹೂವಿನ ಎಸಳು ತೇಲಿಸುತ್ತಾರೆ. ನೋಡಲು ಚೆನ್ನ. ಆದರೆ ಆ ಕಲ್ಲಿನ ಮುಂದೆ ಬೆಳಗಿನ ಜಾವದಿಂದ ಕುಳಿತು ಅಕ್ಕಿ, ತೆಂಗಿನಕಾಯಿ, ಮೆಣಸು ಅರೆದ ಹೆಂಗಸಿನ ಸೊಂಟನೋವನ್ನು ಯಾವ ಹೂದೋಟ ನೆನಪಿಸುತ್ತದೆ? ನಮ್ಮ ಜನಪದದ ಬೀಸುವ ಪದಗಳು ಹುಟ್ಟಿದ್ದು ಈ ದುಡಿಮೆಯಲ್ಲೇ. ತವರಿನ ನೆನಪು, ಅತ್ತೆಯ ಕಾಟ, ಸತ್ತ ಮಗುವಿನ ದುಃಖ, ಯಾರ ಮುಂದೆಯೂ ಹೇಳಲಾಗದ್ದನ್ನು ಹೆಂಗಸರು ಕಲ್ಲಿಗೆ ಹೇಳಿಕೊಂಡರು. ಕಲ್ಲು ನಿಂತಾಗ ಹಾಡೂ ನಿಂತಿತು. ಹಾಡು ನಿಂತಿತೆಂದು ಕೊರಗುವ ನಾವು, ಮತ್ತೆ ಆ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳನ್ನು ಕೂರಿಸಲು ಸಿದ್ಧರಿದ್ದೇವೆಯೇ?

1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ವಿದ್ಯುತ್ತಿನಿಂದ ತಿರುಗುವ ಗ್ರೈಂಡರ್ ತಯಾರಿಸಿದರು. ಕಲ್ಲು ಹಾಗೆಯೇ ಉಳಿಯಿತು, ತಿರುಗಿಸುವ ಕೈಗೆ ಬಿಡುಗಡೆ ಸಿಕ್ಕಿತು. ಮಿಕ್ಸಿಯ ಕತೆ ಇನ್ನೂ ಸ್ವಾರಸ್ಯಕರ. ಮುಂಬಯಿಯಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಪತ್ನಿ ಮಾಧುರಿ ಬಳಿ ಜರ್ಮನಿಯ ಮಿಕ್ಸರ್ ಒಂದಿತ್ತು. ಅದು ಕೆಟ್ಟಾಗ ಇಲ್ಲಿ ರಿಪೇರಿ ಮಾಡಿಕೊಡುವವರು ಸಿಗಲಿಲ್ಲ. ಯುರೋಪಿನ ಮೆತ್ತಗಿನ ಪದಾರ್ಥಗಳಿಗೆಂದು ಮಾಡಿದ ಯಂತ್ರ ನಮ್ಮ ಒಣ ಮೆಣಸು, ಅರಿಸಿನದ ಮುಂದೆ ಸೋಲುವುದು ಸಹಜ. ಮಾಥುರ್ ತಾವೇ ಬಲವಾದ ಮೋಟಾರಿನ ಯಂತ್ರವನ್ನು ರೂಪಿಸಿದರು. 1963ರಲ್ಲಿ ಅವರು ಕಟ್ಟಿದ ಕಂಪೆನಿಯ 'ಸುಮಿತ್' ಮಿಕ್ಸಿ ಮುಂದೆ ಮನೆಮಾತಾಯಿತು. ದುರಸ್ತಿಯಾಗದ ಒಂದು ಯಂತ್ರದಿಂದಲೇ ಭಾರತದ ಮಿಕ್ಸಿ ಹುಟ್ಟಿತು ಎಂಬುದು ಎಂಥ ಪಾಠ!

ಉಳಿಸಿದವರು

ಎಲ್ಲರೂ ನಮ್ಮಂತೆ ತಕ್ಕಡಿಗೆ ಹಾಕಲಿಲ್ಲ. ಪುಣೆಯ ದಿನಕರ ಕೇಳ್ಕರ್ 1920ರ ಸುಮಾರಿಗೆ ಹಳೆಯ ದೀಪ, ಅಡಕತ್ತರಿ, ಅಡುಗೆ ಪಾತ್ರೆಗಳನ್ನು ಊರೂರು ಅಲೆದು ಕೂಡಿಸತೊಡಗಿದರು. ಎಳವೆಯಲ್ಲೇ ತೀರಿಹೋದ ಮಗ ರಾಜನ ಹೆಸರಿನಲ್ಲಿ ಆ ಸಂಗ್ರಹವನ್ನು ಸಮಾಜಕ್ಕೆ ಒಪ್ಪಿಸಿದರು. ಅಹಮದಾಬಾದಿನ ಸುರೇಂದ್ರ ಪಟೇಲ್, ಕರಗಿಸಲು ಹೋಗುತ್ತಿದ್ದ ಪಾತ್ರೆಗಳನ್ನು ಕೊಂಡು 1981ರಲ್ಲಿ ಪಾತ್ರೆಗಳದ್ದೇ ವಸ್ತುಸಂಗ್ರಹಾಲಯ ತೆರೆದರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಸಿದ್ಧವಾಗಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅವರು 2017ರಲ್ಲಿ ನಮ್ಮನ್ನಗಲಿದರೂ ಆ ಮನೆಗಳು ನಿಂತಿವೆ. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ನಿತ್ಯ ಬದುಕಿನ ಸಲಕರಣೆಗಳನ್ನು ಕಾಪಾಡಿದೆ.

ಮನೆಯಲ್ಲೇ ಸಂಗ್ರಹಿಸುವವರಿಗೆ ಕೆಲವು ಮಾತು. ಹಿತ್ತಾಳೆ, ತಾಮ್ರವನ್ನು ಯಂತ್ರದಿಂದ ಉಜ್ಜಿಸಿ ಹೊಸದರಂತೆ ಮಾಡಬೇಡಿ. ಮೇಲೆ ಕೊರೆದ ಹೆಸರು, ತಯಾರಕರ ಮುದ್ರೆ ಸವೆದುಹೋದರೆ ಅದರ ವಂಶಾವಳಿಯೇ ಹೋದಂತೆ. ಹುಣಸೆ ಹುಳಿ, ಮೆತ್ತನೆ ಬಟ್ಟೆ ಸಾಕು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಅಡುಗೆ ಬೇಡ, ಸೀಸದ ಬೆಸುಗೆ ಇರಬಹುದಾದ ಪಾತ್ರೆಯಲ್ಲಿ ಯಾವ ಅಡುಗೆಯೂ ಬೇಡ. ಹಳೆಯ ಪಂಪ್ ಸ್ಟೌ, ಕುಕ್ಕರುಗಳನ್ನು ಬಲ್ಲವರು ಪರೀಕ್ಷಿಸದೆ ಬಳಸಬಾರದು. ಹಳೆಯ ಮಿಕ್ಸಿ, ಇಸ್ತ್ರಿ ಪೆಟ್ಟಿಗೆಗಳ ತಂತಿಯ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ತಂತಿ ಬದಲಿಸಿ, ಅರ್ಥಿಂಗ್ ಸರಿಪಡಿಸಿದ ನಂತರವೇ ಪ್ಲಗ್ಗಿಗೆ ಹಾಕಬೇಕು. ಹಳೆಯ ಫ್ರಿಜ್ಜುಗಳ ಅನಿಲ ಓಝೋನ್ ಪದರಕ್ಕೆ ಹಾನಿಕರ, ಅದನ್ನು ಗಾಳಿಗೆ ಬಿಡಬಾರದು. ಬದಲಾಯಿಸಿದ ಬಿಡಿಭಾಗವನ್ನು ಎಸೆಯದೆ ಜೊತೆಗೇ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚೀಟಿ. ಈ ಪಾತ್ರೆ ಯಾರದು, ಯಾವ ಮದುವೆಯಲ್ಲಿ ಬಂತು, ಇದರಲ್ಲಿ ಏನು ಬೇಯುತ್ತಿತ್ತು, ಯಾರು ರಿಪೇರಿ ಮಾಡುತ್ತಿದ್ದರು? ಮನೆಯಲ್ಲಿ ವಯಸ್ಸಾದ ತಾಯಿ, ಅಜ್ಜಿ ಇದ್ದರೆ ಇಂದೇ ಕೇಳಿ ಬರೆದಿಡಿ. ಪಾತ್ರೆ ಗುಜರಿಯಲ್ಲಿ ಮತ್ತೆ ಸಿಕ್ಕೀತು, ಆ ಮಾತು ಸಿಗದು.

ಇಂದು ಅಡುಗೆಮನೆಯಲ್ಲಿ ಯಂತ್ರಗಳು ಹೆಚ್ಚಿವೆ, ಬಿಚ್ಚಲು ಬರುವ ತಿರುಪುಗಳು ಕಡಿಮೆಯಾಗಿವೆ. 'ಇದು ರಿಪೇರಿ ಆಗೋದಿಲ್ಲ, ಹೊಸದು ತಗೊಳ್ಳಿ' ಎಂಬ ಮಾತಿಗೆ ನಾವು ಒಗ್ಗಿಹೋಗಿದ್ದೇವೆ. 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ನಮ್ಮ ಪೇಟೆಯ ಮೂಲೆಯ ಸ್ಟೌ ರಿಪೇರಿಯವನಿಗೆ ಗೊತ್ತಿದ್ದ ಸತ್ಯವನ್ನು ಈಗ ಸರ್ಕಾರಗಳು ಹಕ್ಕೆಂದು ಹೆಸರಿಸುತ್ತಿವೆ.

ನಮ್ಮ ಹಿತ್ತಾಳೆ ಸ್ಟೌ ಮರಳಿ ಬರಲಾರದು. ಅಂದು ಗಾಡಿಗೆ ಹಾಕಲು ಮರೆತುಹೋದ ಅರೆಯುವ ಕಲ್ಲೊಂದು ಹಿತ್ತಲಿನಲ್ಲಿ ಉಳಿದಿದೆ. ಅದರಲ್ಲಿ ನಾವು ಹೂವು ತೇಲಿಸಿಲ್ಲ. ವರ್ಷಕ್ಕೊಮ್ಮೆ ತೊಳೆದು ಮಕ್ಕಳನ್ನು ಕರೆದು ಗುಂಡುಕಲ್ಲನ್ನು ತಿರುಗಿಸಲು ಹೇಳುತ್ತೇವೆ, ಗಂಡುಮಕ್ಕಳನ್ನೂ. ಹತ್ತು ಸುತ್ತಿಗೆ ಅವರ ತೋಳು ಸೋಲುತ್ತದೆ. ಆಗ ಅಜ್ಜಿ ದಿನಾ ಎಷ್ಟು ಹೊತ್ತು ತಿರುಗಿಸುತ್ತಿದ್ದರು ಎಂದು ಹೇಳುತ್ತೇವೆ. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.