ಅಂಗಡಿ ಲೆಕ್ಕಕ್ಕೆ ಆನ್‌ಲೈನ್ ಸಾಫ್ಟ್‌ವೇರ್ ಒಳ್ಳೆಯದೋ, ಡೆಸ್ಕ್‌ಟಾಪ್ ಒಳ್ಳೆಯದೋ?

ಹೊಸಪೇಟೆಯಲ್ಲಿ ಅಂಗಡಿ, ಕಂಪ್ಲಿಯಲ್ಲಿ ಗೋದಾಮು, ಸಂಡೂರು ಮತ್ತು ಹಂಪಿಯಲ್ಲಿ ಗಿರಾಕಿಗಳು. ವ್ಯಾಪಾರ ಹೀಗೆ ಹರಡಿಕೊಂಡಾಗ ಲೆಕ್ಕ ಎಲ್ಲಿ ಬರೆಯಬೇಕು ಎಂಬ ಪ್ರಶ್ನೆ ಏಳುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಆ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಆದರೆ ಜಿಎಸ್‌ಟಿ ನೋಂದಣಿ ನಡೆಯುವುದು ರಾಜ್ಯವಾರು. ಜಿಲ್ಲೆ ಎರಡಾದರೂ ಒಂದೇ ವ್ಯಾಪಾರಕ್ಕೆ ಒಂದೇ ಜಿಎಸ್‌ಟಿ ಸಂಖ್ಯೆ ಸಾಕು. ಉಳಿದ ಅಂಗಡಿ, ಗೋದಾಮುಗಳನ್ನು ಹೆಚ್ಚುವರಿ ವ್ಯಾಪಾರ ಸ್ಥಳಗಳಾಗಿ ಸೇರಿಸಬೇಕು. ಎಲ್ಲ ಕಡೆಯ ಬಿಲ್ಲುಗಳೂ ಒಂದೇ ರಿಟರ್ನ್‌ಗೆ ಬಂದು ಸೇರಬೇಕು. ಆದ್ದರಿಂದ ಬಿಲ್ ಹಾಕುವವರು ಎಷ್ಟು ಕಡೆ ಇದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಡೆಸ್ಕ್‌ಟಾಪ್ ಸಾಫ್ಟ್‌ವೇರ್

ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಲೆಕ್ಕ ಅಂಗಡಿಯ ಕಂಪ್ಯೂಟರ್‌ನಲ್ಲೇ ಇರುತ್ತದೆ. ನೆಟ್ ಇಲ್ಲದಿದ್ದರೂ ಬಿಲ್ ಹಾಕಬಹುದು. ಟ್ಯಾಲಿ ಬಲ್ಲ ಗುಮಾಸ್ತರು, ಆಡಿಟರುಗಳು ಸುಲಭವಾಗಿ ಸಿಗುತ್ತಾರೆ. ಆದರೆ ಹಾರ್ಡ್ ಡಿಸ್ಕ್ ಕೆಟ್ಟರೆ, ವೈರಸ್ ಹೊಕ್ಕರೆ ಅಥವಾ ಕಂಪ್ಯೂಟರ್ ಕಳುವಾದರೆ ವರ್ಷಗಳ ಲೆಕ್ಕ ಒಂದೇ ದಿನದಲ್ಲಿ ಹೋಗಬಹುದು. ಬ್ಯಾಕಪ್ ತೆಗೆಯುವ ಹೊಣೆ ಪೂರ್ತಿ ಮಾಲೀಕರದು.

ಆನ್‌ಲೈನ್ ಸಾಫ್ಟ್‌ವೇರ್

ಜೋಹೋ ಬುಕ್ಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಲೆಕ್ಕ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಕಂಪ್ಲಿಯಲ್ಲಿ ಹಾಕಿದ ಬಿಲ್ ಹೊಸಪೇಟೆಯಲ್ಲಿ ಕೂಡಲೇ ಕಾಣುತ್ತದೆ. ಆಡಿಟರ್ ತಮ್ಮ ಕಚೇರಿಯಿಂದಲೇ ನೋಡಬಹುದು. ಆದರೆ ಶುಲ್ಕವನ್ನು ತಿಂಗಳಿಗೋ ವರ್ಷಕ್ಕೋ ಕಟ್ಟುತ್ತಲೇ ಇರಬೇಕು, ನೆಟ್ ಸರಿಯಾಗಿ ಸಿಗಬೇಕು.

ಸಾಫ್ಟ್‌ವೇರ್ ಯಾವುದೇ ಆದರೂ ಸರಕಿನ ತೆರಿಗೆ ದರ ಸರಿಯಿದೆಯೇ ಎಂದು ಮಾಲೀಕರೇ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ಜಿಎಸ್‌ಟಿ ದರ ಬದಲಾಯಿತು. ಹಳೆಯ ದರದಲ್ಲೇ ಬಿಲ್ ಹಾಕಿದರೆ ತಪ್ಪು ಸಾಫ್ಟ್‌ವೇರ್‌ನದಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. 2023–24ರ ರಿಟರ್ನ್‌ಗೆ 2024ರ ಡಿಸೆಂಬರ್ 31 ಕೊನೆಯ ದಿನ. ಅಂದರೆ ಆ ವರ್ಷದ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಇರಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ವಿದ್ಯುನ್ಮಾನ ಲೆಕ್ಕಕ್ಕೆ ಬ್ಯಾಕಪ್ ಇರಲೇಬೇಕೆಂದು ನಿಯಮಗಳೇ ಹೇಳುತ್ತವೆ.

ಪ್ರೈವೇಟ್ ಲಿಮಿಟೆಡ್ ಸೇರಿದಂತೆ ಕಂಪನಿಗಳು 2023ರ ಏಪ್ರಿಲ್ 1ರಿಂದ, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ದಾಖಲೆ ಉಳಿಸುವ ಸಾಫ್ಟ್‌ವೇರನ್ನೇ ಬಳಸಬೇಕು. ಒಬ್ಬರೇ ಮಾಲೀಕರಿರುವ ಅಂಗಡಿಗೂ ಪಾಲುದಾರಿಕೆ ಸಂಸ್ಥೆಗೂ ಈ ನಿಯಮ ಅನ್ವಯಿಸುವುದಿಲ್ಲ.

ಯಾರಿಗೆ ಯಾವುದು?

ಒಂದೇ ಕೌಂಟರ್, ಒಬ್ಬರೇ ಗುಮಾಸ್ತರು ಇದ್ದು ನೆಟ್ ಆಗಾಗ ಕೈಕೊಡುತ್ತಿದ್ದರೆ ಡೆಸ್ಕ್‌ಟಾಪ್ ಸಾಕು. ವಾರಕ್ಕೊಮ್ಮೆಯಾದರೂ ಬ್ಯಾಕಪ್ ತೆಗೆದು ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಎರಡು ಊರುಗಳಲ್ಲಿ ಬಿಲ್ ಹಾಕುವವರಿಗೂ, ಊರೂರು ಸುತ್ತುತ್ತ ವ್ಯವಹಾರ ಮಾಡುವವರಿಗೂ ಆನ್‌ಲೈನ್ ಅನುಕೂಲ. ಅವರೂ ತಿಂಗಳಿಗೊಮ್ಮೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡು ಇಟ್ಟುಕೊಳ್ಳಬೇಕು. ನಾಳೆ ಚಂದಾ ನಿಲ್ಲಿಸಿದರೂ ಹಳೆಯ ಲೆಕ್ಕ ಕೈಯಲ್ಲಿರುತ್ತದೆ.

ಬದಲಾಯಿಸುವುದಾದರೆ ಯಾವಾಗ?

ಹೊಸ ಲೆಕ್ಕದ ಪುಸ್ತಕಕ್ಕೆ ದೀಪಾವಳಿಯಲ್ಲಿ ಪೂಜೆ ಮಾಡುವ ಪದ್ಧತಿ ಇದ್ದರೂ ತೆರಿಗೆಯ ವರ್ಷ ಆರಂಭವಾಗುವುದು ಏಪ್ರಿಲ್ 1ಕ್ಕೆ. ಅಂದು ಬದಲಾಯಿಸಿದರೆ ಗೊಂದಲ ಕಡಿಮೆ. ಆರಂಭದ ಶಿಲ್ಕು, ದಾಸ್ತಾನು, ಬರಬೇಕಾದ ಮತ್ತು ಕೊಡಬೇಕಾದ ಬಾಕಿ ಹಳೆಯ ಲೆಕ್ಕಕ್ಕೆ ತಾಳೆಯಾಗುವವರೆಗೆ ಹಳೆಯ ಸಾಫ್ಟ್‌ವೇರನ್ನು ತೆಗೆಯಬಾರದು.

ಲಾಗಿನ್ ಮತ್ತು ಒಟಿಪಿ ಬರುವ ಮೊಬೈಲ್ ಸಂಖ್ಯೆ ಮಾಲೀಕರದ್ದೇ ಆಗಿರಬೇಕು. ಗುಮಾಸ್ತರ ಹೆಸರಿನಲ್ಲಿದ್ದರೆ, ಅವರು ಕೆಲಸ ಬಿಟ್ಟ ದಿನ ಮಾಲೀಕರು ತಮ್ಮ ಲೆಕ್ಕಕ್ಕಾಗಿ ತಾವೇ ಅಲೆಯಬೇಕಾಗುತ್ತದೆ.