ಕನ್ನಡಿಗೆ ಸಿಕ್ಕಿಸಿದ ಹೆಲ್ಮೆಟ್

"ಇಲ್ಲೇ ಹೋಗಿ ಬರ್ತೀನಿ ಬೇ, ಹೆಲ್ಮೆಟ್ ಯಾಕ?"

ಲಕಮನಹಳ್ಳಿಯ ನಮ್ಮ ಮನೆಯ ಗೇಟಿನಲ್ಲಿ ಈ ಮಾತನ್ನು ಅದೆಷ್ಟು ಸಲ ಆಡಿದ್ದೇನೋ. ಅವ್ವ ಬಯ್ಯುತ್ತಿದ್ದಳು. ನಾನು ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದೆ. ಪಿ.ಬಿ. ರಸ್ತೆಯಲ್ಲಿ ಪೊಲೀಸರು ಕಂಡರೆ ಮಾತ್ರ ಅದು ತಲೆಗೇರುತ್ತಿತ್ತು.

ಹೋದ ವರ್ಷ ನನ್ನ ಗೆಳೆಯ ಹಾಲು ತರಲು ಹೋದವನು ಹಂಪ್ ಮೇಲೆ ಜಾರಿ ಬಿದ್ದ. ಕೈಕಾಲಿಗೆ ಏನೂ ಆಗಿರಲಿಲ್ಲ, ಪೆಟ್ಟು ಬಿದ್ದದ್ದು ತಲೆಗೆ. ಬದುಕಿದ್ದಾನೆ, ಆದರೆ ಇಂದಿಗೂ ನನ್ನ ಹೆಸರಿಗೆ ತಡಕಾಡುತ್ತಾನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಹೆಲ್ಮೆಟ್ಟಿನ ಇತಿಹಾಸ ಓದತೊಡಗಿದೆ.

1935ರ ಮೇ ತಿಂಗಳು. 'ಲಾರೆನ್ಸ್ ಆಫ್ ಅರೇಬಿಯಾ' ಎಂದೇ ಹೆಸರಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಮೆದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಕೂಡ ಒಬ್ಬರು. ಮುಂದೆ ಕೇರ್ನ್ಸ್ ಇಂಥ ಸಾವುಗಳನ್ನು ಎಣಿಸತೊಡಗಿದರು.

1941ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಅವರ ಲೇಖನ ಬಂತು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿ ಸವಾರರು 2,279. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಕೇರ್ನ್ಸ್‌ಗೆ ಸಿಕ್ಕಿದ್ದು ಬರೀ ಏಳು ಜನ, ಏಳೂ ಜನ ಬದುಕಿದ್ದರು. ಅದೇ ನವೆಂಬರ್‌ನಲ್ಲಿ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಏಳು ಜನರಿಂದ ಏನೂ ಸಾಬೀತಾಗದು ಅಂತ ನೀವು ಕೇಳಬಹುದು. ಕೇರ್ನ್ಸ್ ಎಣಿಕೆ ನಿಲ್ಲಿಸಲಿಲ್ಲ. 1946ರಲ್ಲಿ, ಆ ಆದೇಶದ ನಂತರ ಸಾವುಗಳು ಇಳಿದದ್ದನ್ನು ತಿಂಗಳುವಾರು ತೋರಿಸಿದರು. ಆದರೂ ಬ್ರಿಟನ್ನಿನ ಜನಸಾಮಾನ್ಯರಿಗೆ ಕಾನೂನು ಬಂದದ್ದು 1973ರಲ್ಲಿ. ಕೇರ್ನ್ಸ್ 1952ರಲ್ಲೇ ತೀರಿಕೊಂಡಿದ್ದರು.

ನಮ್ಮ ಕಥೆ ಉಲ್ಟಾ. ಇಲ್ಲಿ ಕಾನೂನು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು, ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದವರ ಲೆಕ್ಕವಿಟ್ಟರು. ಕರ್ನಾಟಕದಲ್ಲಿ ಹೆಲ್ಮೆಟ್ ಕಾನೂನು ಮತ್ತು ಅದರ ಜಾರಿಯ ಕುರಿತು 2005ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೇ ಬೇಕು ಅಂತ ರಾಜ್ಯದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಅಷ್ಟರಲ್ಲಿ ಲೋಕದ 61 ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂದು ಹೇಳಿಯಾಗಿತ್ತು.

ಇಷ್ಟು ಜನ ಇಷ್ಟು ವರ್ಷ ಎಣಿಸಿ, ಬರೆದು, ಸರ್ಕಾರಗಳ ಬಾಗಿಲು ತಟ್ಟಿದ ಮೇಲೂ ಕೊನೆಯ ಎರಡು ಅಡಿ ನನ್ನ ಪಾಲಿಗೇ ಉಳಿದಿತ್ತು. ಕನ್ನಡಿಯಿಂದ ತಲೆಗೆ.

ಈಗ ವಾರಕ್ಕೆರಡು ಸಲ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಫಿಸಿಯೋಥೆರಪಿಗೆ ಕರೆದೊಯ್ಯುತ್ತೇನೆ. ಇಬ್ಬರಿಗೂ ಹೆಲ್ಮೆಟ್. ಅವನ ಬಕಲ್ ನಾನೇ ಹಾಕಬೇಕು, ಬೆರಳಿಗೆ ಇನ್ನೂ ಅಷ್ಟು ಹಿಡಿತ ಬಂದಿಲ್ಲ.