ಗಂಧದ ಮರದ ರಸಸಂಚಾರ: ಸ್ಪೈಕ್ ರೋಗದ ಚರಿತ್ರೆಯಲ್ಲಿ ಒಂದು ವಿವಾದ

ಬಾಪೂಜಿ ನಗರದ ಬದಿಯಲ್ಲಿ ಸಾಗುವ ಮೈಸೂರು ರಸ್ತೆಯು ಗಂಧದೆಣ್ಣೆಗೆ ಹೆಸರಾದ ಎರಡು ನಗರಗಳನ್ನು ಕೂಡಿಸುತ್ತದೆ. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಸಂಸ್ಥಾನವು ಎಣ್ಣೆಯ ಕಾರ್ಖಾನೆಗಳನ್ನು ತೆರೆಯಿತು. ಅದೇ ಕಾಲದಲ್ಲಿ ಕಾಡಿನ ಗಂಧದ ಮರಗಳು ಸ್ಪೈಕ್ ಎಂಬ ರೋಗದಿಂದ ಸಾಯುತ್ತಿದ್ದವು. ಆ ರೋಗದ ಕಾರಣವನ್ನು ಕುರಿತ ವಿವಾದವು ಮೂಲತಃ ಮರದೊಳಗಿನ ರಸಸಂಚಾರವನ್ನು ಕುರಿತದ್ದಾಗಿತ್ತೆಂಬುದನ್ನು ನಾವಿಲ್ಲಿ ತೋರಿಸಲೆಳಸುತ್ತೇವೆ.

ಗಂಧದ ಮರವು ಅರೆಪರಾವಲಂಬಿ. ಎಲೆಗಳು ಹಸಿರಾಗಿದ್ದು ಆಹಾರವನ್ನು ತಾವೇ ತಯಾರಿಸುತ್ತವೆ. ಆದರೆ ಬೇರುಗಳು ನೆರೆಯ ಗಿಡಗಳ ಬೇರುಗಳಿಗೆ ಹೀರುಕಗಳನ್ನು ನಾಟಿ, ಅಲ್ಲಿಂದ ನೀರನ್ನೂ ಲವಣಗಳನ್ನೂ ಪಡೆಯುತ್ತವೆ. ಇದನ್ನು 1871ರಲ್ಲಿ ಜಾನ್ ಸ್ಕಾಟ್ ಗುರುತಿಸಿದನು, ಮುಂದೆ ಸಿ. ಎ. ಬಾರ್ಬರ್ ಹೀರುಕಗಳ ರಚನೆಯನ್ನು ವಿವರಿಸಿದನು. ಹೀಗೆ ಪಡೆದ ನೀರು ಕ್ಸೈಲಂ ನಾಳಗಳಲ್ಲಿ ಮೇಲೇರುತ್ತದೆ. ಎಲೆಯ ಸಕ್ಕರೆ ಫ್ಲೋಯಂ ನಾಳಗಳಲ್ಲಿ ಬೇರಿಗಿಳಿಯುತ್ತದೆ.

1899ರಲ್ಲಿ ಕೊಡಗಿನಿಂದ ರೋಗವು ವರದಿಯಾಯಿತು. ಎಲೆಗಳು ಕಿರಿದಾಗಿ ಸೆಟೆದು ನಿಲ್ಲುವುವು. ಮರವು ಕೆಲವೇ ವರ್ಷಗಳಲ್ಲಿ ಒಣಗುವುದು. ಕೆಲವರು ಕಾಳ್ಗಿಚ್ಚನ್ನೂ ಕೆಲವರು ಲಂಟಾನವನ್ನೂ ದೂರಿದರು. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1917ರಲ್ಲಿ ಕಸಿಯ ಮೂಲಕ ರೋಗವು ಒಂದು ಮರದಿಂದ ಇನ್ನೊಂದಕ್ಕೆ ಹರಡುವುದೆಂದು ತೋರಿಸಿದನು. ಡೆಹ್ರಾಡೂನಿನ ಆರ್. ಎಸ್. ಹೋಲ್‌ನಾದರೋ ರಸಸಂಚಾರದ ಅಸಮತೋಲವೇ ಕಾರಣವೆಂದು ವಾದಿಸಿದನು. ಭೇದವು ಕೇವಲ ಪಾಂಡಿತ್ಯದ್ದಲ್ಲ: ರೋಗವು ಅಂಟುವಂಥದಾದರೆ ರೋಗಿಷ್ಠ ಮರವನ್ನು ಕಿತ್ತುಹಾಕಬೇಕು, ಅಸಮತೋಲವಾದರೆ ನೆರೆಯ ಆಶ್ರಯಗಿಡಗಳನ್ನು ಕಾಪಾಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮೊದಲಾದವರು ಈ ವಿಷಯದಲ್ಲಿ ದೀರ್ಘಕಾಲ ದುಡಿದರು. ರೋಗಿಷ್ಠ ಮರದ ಎಲೆಗಳಲ್ಲಿ ಪಿಷ್ಟವು ಕೂಡಿಬಿದ್ದಿರುವುದೂ ಬೇರಿನ ತುದಿಗಳೂ ಹೀರುಕಗಳೂ ಸಾಯುವುದೂ ಕಂಡುಬಂದಿತು. ಮೇಲೆ ಸುಭಿಕ್ಷ, ಕೆಳಗೆ ಕ್ಷಾಮ! 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕಾರಣವನ್ನು ಬಯಲಿಗೆ ತಂದಿತು. ಫ್ಲೋಯಂ ನಾಳಗಳೊಳಗೆ ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿಗಳು ನೆಲೆಸಿದ್ದವು. ಅವನ್ನು ಇಂದು ಫೈಟೋಪ್ಲಾಸ್ಮಾ ಎನ್ನುತ್ತಾರೆ. ಕೋಲ್ಮನ್ನನ ಪಕ್ಷವು ಗೆದ್ದಿತೆಂಬುದು ನಿಜ. ಆದರೆ ಹೋಲ್ ಕಂಡದ್ದು ಕೇವಲ ಭ್ರಮೆಯಲ್ಲ. ಆತನು ಕಾರ್ಯವನ್ನೇ ಕಾರಣವೆಂದೆಣಿಸಿದನು. ಸೋತ ಸಿದ್ಧಾಂತವನ್ನು ಚರಿತ್ರೆಕಾರನು ಅವಸರದಿಂದ ತಳ್ಳಿಹಾಕಲಾಗದೆಂಬುದಕ್ಕೆ ಇದೊಂದು ನಿದರ್ಶನ.

ಒಂದು ಪ್ರಶ್ನೆ ಉಳಿಯುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು; ಸ್ವಂತ ಜಮೀನಿನಲ್ಲಿ ಬೆಳೆದ ಮರದ ಒಡೆತನವು ಕರ್ನಾಟಕದ ರೈತನಿಗೆ ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ. ಹೊಲದ ಬದುವಿನಲ್ಲಿ ಎಲೆ ಸೆಟೆದ ಮರವನ್ನು ಮೊದಲು ಕಾಣಬಲ್ಲವನು ಆ ರೈತನೇ. ತನ್ನದಲ್ಲದ ಮರದ ರೋಗವನ್ನು ಅವನೇಕೆ ತಿಳಿಸಬೇಕಿತ್ತು? ಸ್ಪೈಕ್ ರೋಗದ ಚರಿತ್ರೆಯನ್ನು ಬರೆಯುವವರು ಪ್ರಯೋಗಶಾಲೆಯೊಡನೆ ಈ ಬದುವನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ.